ಭತ್ತದ ಕಳೆನಾಶಕ: ಬಾಟಲಿ ಮೇಲೆ ‘ಸೇಫ್ನರ್’ ಇದೆಯಾ ನೋಡಿ

ನಮ್ಮ ಬಳ್ಳಿಗಾವಿ, ಶಿರಾಳಕೊಪ್ಪದ ಕಡೆ ನಾಟಿಗೆ ಆಳು ಸಿಗೋದು ಕಷ್ಟ ಆದಮೇಲೆ ಹುಡುಗರು ಡ್ರಮ್ ಸೀಡರ್ ವಿಚಾರ ಕೇಳ್ತಿದ್ದಾರೆ. ಮೊಳಕೆ ಕಟ್ಟಿದ ಭತ್ತವನ್ನ ಕೆಸರಿಗೆ ನೇರ ಬಿತ್ತೋದು. ಒಳ್ಳೇದೇ. ಆದರೆ ಕಳೆಯೂ ಭತ್ತದ ಜೊತೆಗೇ ಏಳುತ್ತೆ, ಹಾಗಾಗಿ ಕಳೆನಾಶಕ ಹುಡುಕಬೇಕಾಗುತ್ತೆ. ಎಡವಟ್ಟು ಆಗೋದೇ ಇಲ್ಲಿ. ಅಂಗಡಿಯಲ್ಲಿ ಬರೀ ‘ಪ್ರೆಟಿಲಾಕ್ಲೋರ್ ಕೊಡಿ’ ಅಂದರೆ ಶೇ 50 ಇ.ಸಿ. ಕೈಗೆ ಬಂದುಬಿಡಬಹುದು. ಅದು ನಾಟಿ ಗದ್ದೆಗೆ. ನೇರ ಬಿತ್ತನೆಗೆ ಬೇಕಾದ್ದು ಸೇಫ್ನರ್ ಸೇರಿಸಿದ ಶೇ 30.7 ಇ.ಸಿ.

ಪ್ರೆಟಿಲಾಕ್ಲೋರ್ ಎಳೆ ಮೊಳಕೆಯೊಳಗೆ ಕೆಲವು ಕೊಬ್ಬಿನಾಮ್ಲ ತಯಾರಾಗದಂತೆ ತಡೆಯುತ್ತೆ. ಹೊಸ ಜೀವಕೋಶ ಕಟ್ಟಲಾಗದೆ ಮೊಳಕೆ ಮುರುಟಿಹೋಗುತ್ತೆ. ಕಳೆಗೂ ಅದೇ ಗತಿ, ಆಗತಾನೇ ಮೊಳೆತ ಭತ್ತಕ್ಕೂ ಅದೇ ಗತಿ. ನಾಟಿ ಸಸಿ ಬಲಿತಿರುತ್ತೆ, ತಡ್ಕೊಳ್ಳುತ್ತೆ.

ಶೇ 30.7ರಲ್ಲಿರೋ ಸೇಫ್ನರ್ ಹೆಸರು ಫೆನ್‌ಕ್ಲೋರಿಮ್. ಅದು ವಿಷವನ್ನ ಹಿಡಿದು ಕಟ್ಟಿಹಾಕಲ್ಲ. ಭತ್ತದ ಒಳಹೋಗಿ, ಭತ್ತದ್ದೇ ಆದ ಕೆಲವು ಜೀನ್‌ಗಳನ್ನ ಚುರುಕು ಮಾಡುತ್ತೆ; ಮೋಟರ್‌ಗೆ ಸ್ವಿಚ್ ಹಾಕಿದ ಹಾಗೆ. ಆ ಜೀನ್‌ಗಳು ತಯಾರಿಸೋ ಕಿಣ್ವ ಕಳೆನಾಶಕಕ್ಕೆ ಗ್ಲುಟಾಥಯೋನ್ ಅನ್ನೋ ವಸ್ತುವನ್ನ ಅಂಟಿಸಿ ಅದರ ವಿಷ ಇಳಿಸುತ್ತೆ. ಹೊರಗಿನ ಜೀನ್ ಯಾವುದೂ ಸೇರಿಲ್ಲ, ಹಾಗಾಗಿ ಇದು ಕುಲಾಂತರಿ ಅಲ್ಲ. ಈ ರಕ್ಷಣೆಯನ್ನ ನಂಬಿಕೊಂಡು ಬರುವ ವರ್ಷ ಅದೇ ಗದ್ದೆಯ ಬೀಜಕ್ಕೆ ಬರೀ ಶೇ 50 ಹೊಡೆಯೋಕೂ ಆಗಲ್ಲ. (ಒಂದು ರಾಸಾಯನಿಕ ಇನ್ನೊಂದರಿಂದ ಗಿಡವನ್ನ ಕಾಯುತ್ತೆ ಅಂತ 1940ರ ದಶಕದಲ್ಲಿ ಅಮೆರಿಕದ ಆಟೋ ಹಾಫ್‌ಮನ್ ಮೊದಲು ಗಮನಿಸಿದ್ದು ಟೊಮೆಟೊ ಗಿಡದಲ್ಲಿ, ಅದೂ ಆಕಸ್ಮಿಕವಾಗಿ.)

‘ಶೇ 50ನ್ನೇ ಅರ್ಧ ಡೋಸ್ ಹೊಡೆದರೆ ಆಯ್ತಲ್ಲಣ್ಣ’ ಅಂತಾರೆ ಕೆಲವರು. ನಾನು ಒಪ್ಪಲ್ಲ. ಅರ್ಧ ಮಾಡಿದರೆ ಸೇಫ್ನರ್ ಎಲ್ಲಿಂದ ಬರುತ್ತೆ? ಕಳೆಯೂ ಪೂರ್ತಿ ಸಾಯಲ್ಲ, ಭತ್ತಕ್ಕೂ ಪೆಟ್ಟು. ಮತ್ತೆ ಬಿತ್ತೋಣ ಅಂದರೆ ಬೀಜದ ಖರ್ಚು ಹೋಗಲಿ, ಹದ ವಾಪಸ್ ಬರುತ್ತಾ?

ನನ್ನ ತಕರಾರು ಕಂಪನಿಗಳ ಮೇಲೂ ಇದೆ. ಬ್ರಾಂಡ್ ಹೆಸರು ಅಂಗೈ ಅಗಲ, ಬೆಳೆ ಉಳಿಸೋ ಮಾತು ಇರುವೆ ಸಾಲಿನಷ್ಟು. ‘ನಾಟಿಗೆ ಮಾತ್ರ’, ‘ನೇರ ಬಿತ್ತನೆಗೆ’ ಅಂತ ಕನ್ನಡದಲ್ಲಿ ಮುಂಭಾಗದಲ್ಲೇ ದೊಡ್ಡದಾಗಿ ಅಚ್ಚು ಹಾಕಿಸೋಕೆ ಕೃಷಿ ಇಲಾಖೆ ಪಟ್ಟು ಹಿಡಿಯಬೇಕು. ಅಲ್ಲಿವರೆಗೆ ದುಡ್ಡು ಕೊಡೋ ಮೊದಲು ಲೇಬಲ್ ಫೋಟೋ ತೆಗೆದು, ದೊಡ್ಡದು ಮಾಡಿ ಓದಿ. ಡೋಸ್, ಹೊಡೆಯೋ ದಿನ ಎಲ್ಲಾ ಅದರಲ್ಲೇ ಇರುತ್ತೆ.

ಕೂರಿಗೆಯಲ್ಲಿ ಒಣ ಬಿತ್ತನೆ ಮಾಡೋ ಸೊರಬದ ಕಡೆಯವರು ಇದನ್ನ ತರಬೇಡಿ. ಫೆನ್‌ಕ್ಲೋರಿಮ್ ಕೆಲಸ ಮಾಡಬೇಕಾದರೆ ಭತ್ತ ಮೊದಲೇ ಮೊಳೆತು ಬೇರು ಬಿಟ್ಟಿರಬೇಕು.