ಎಣಿಕೆಗೆ ಸಿಗದ ಹಾಡಿಗಳು

ಹೆಗ್ಗಡದೇವನಕೋಟೆ ದಾಟಿ ಮಾನಂದವಾಡಿಯತ್ತ ಸಾಗುವ ರಸ್ತೆಯಲ್ಲಿ ಅಂತರಸಂತೆ ಇದೆ. ಈ ಹೋಬಳಿಯ ಒಂದೆಡೆ ನಾಗರಹೊಳೆಯ ಕಾಡು, ಇನ್ನೊಂದೆಡೆ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು. ನಡುವೆ ಉಳಿದ ನೆಲದಲ್ಲಿ ರೈತರೂ ಕಾಡಿನಿಂದ ಹೊರಬಿದ್ದ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳೂ ಬದುಕುತ್ತಿವೆ.

ಇವರೆಷ್ಟು ಮಂದಿ? 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಕ್ಕೆ ದೊರೆಯುವ ಪಡಿತರದ ಪಾಲು ನಿರ್ಧಾರವಾದದ್ದು 2011ರ ಗಣತಿಯ ಆಧಾರದಲ್ಲಿ. ಆ ಬಳಿಕ ಹುಟ್ಟಿದ ಮಕ್ಕಳು ಆ ಲೆಕ್ಕದಲ್ಲಿಲ್ಲ.

ಮುಂದಿನ ಗಣತಿಯಲ್ಲಿ ಜನರ ಎಣಿಕೆಗೆ ಗೊತ್ತುಪಡಿಸಿದ್ದು 2027ರ ಫೆಬ್ರವರಿಯನ್ನು. ಅದು ಕೊಡಗಿನಲ್ಲಿ ಕಾಫಿ ಕೊಯ್ಲಿನ ಕಾಲ. ಹಾಡಿಯ ಅನೇಕರು ಆಗ ಕೂಲಿಗಾಗಿ ತೋಟದ ಲೈನ್‌ಮನೆಗಳಲ್ಲಿರುತ್ತಾರೆ. ಗಣತಿದಾರರು ಇಲ್ಲಿ ಮುಚ್ಚಿದ ಬಾಗಿಲು ಕಂಡು ಮರಳಿ, ಅಲ್ಲಿ ಲೈನ್‌ಮನೆಗೆ ಹೋಗದಿದ್ದರೆ, ಇವರು ಎರಡೂ ಜಿಲ್ಲೆಗಳಿಗೆ ಇಲ್ಲದವರಾಗುತ್ತಾರೆ.

ಪರಿಹಾರ ಕಠಿಣವೇನಲ್ಲ. ಗ್ರಾಮ ಪಂಚಾಯತಿಯು ಹಾಡಿಯ ಯಜಮಾನರೊಂದಿಗೆ ಕುಳಿತು ವಲಸೆ ಹೋದವರ ಪಟ್ಟಿ ಸಿದ್ಧಪಡಿಸಲಿ. ಜಿಲ್ಲಾಡಳಿತವು ಅದನ್ನು ಕೊಡಗಿಗೆ ತಲುಪಿಸಲಿ. ನೀರಿಗೆ ಮತ್ತು ವನ್ಯಜೀವಿಗಳಿಗೆ ಜಾಗ ಬಿಟ್ಟುಕೊಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ನ್ಯಾಯವಾದರೂ ಬೇಡವೇ? ಎಣಿಕೆಗೇ ಸಿಗದವರು ತಮ್ಮ ಪಾಲನ್ನು ಯಾರಲ್ಲಿ ಕೇಳಬೇಕು?