ಕೂಗುವ ಬಜರ್‌ಗೆ ಟೇಪು ಅಂಟಿಸುವ ಮುನ್ನ

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಗಳನ್ನು ಬಲ್ಲವರಿಗೆ ಈ ನೋಟ ಹೊಸತಲ್ಲ: ಕುಲುಮೆಯ ಪ್ಯಾನೆಲ್ಲಿನ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತದೆ, ಬಜರ್‌ನ ಬಾಯಿಗೆ ಇನ್ಸುಲೇಷನ್ ಟೇಪು ಅಂಟಿರುತ್ತದೆ. ಕೇಳಿದರೆ, “ಅದು ಯಾವಾಗಲೂ ಹಾಗೇ ಕೂಗುತ್ತೆ ಸಾರ್” ಎಂಬ ಉತ್ತರ. ಮಾಲೀಕರು ಇದನ್ನು ಆಪರೇಟರನ ಉದಾಸೀನವೆಂದು ಬಗೆಯುವುದುಂಟು. ತಪ್ಪು ಬಹುಪಾಲು ಅಲಾರಾಂ ಮಿತಿಯನ್ನು ಗೊತ್ತುಪಡಿಸಿದವರದು ಎಂಬುದು ನನ್ನ ಅಭಿಪ್ರಾಯ.

ಕುಲುಮೆಯ ನಿಗದಿತ ಉಷ್ಣತೆ 850 ಡಿಗ್ರಿ, ಕೆಳಮಿತಿಯ ಅಲಾರಾಂ 840 ಡಿಗ್ರಿ ಎಂದಿಟ್ಟುಕೊಳ್ಳೋಣ. ಸರಕು ತುಂಬಲು ಬಾಗಿಲು ತೆರೆದೊಡನೆ ಉಷ್ಣತೆ ಅದಕ್ಕೂ ಕೆಳಗಿಳಿಯುವುದು ಸಹಜ. ಪ್ರತಿ ಲೋಡಿಗೂ ಬಜರ್ ಕೂಗುತ್ತದೆ, ಆಪರೇಟರ್ ಮಾಡಬೇಕಾದುದು ಏನೂ ಇರುವುದಿಲ್ಲ. ಅಲಾರಾಂಗೆ ಕೆಲವು ನಿಮಿಷಗಳ ವಿಳಂಬ ಕೊಟ್ಟರೆ ಸಾಕು, ಈ ಕೂಗು ನಿಂತು ನಿಜವಾದ ದೋಷದ ಕೂಗು ಮಾತ್ರ ಉಳಿಯುತ್ತದೆ. ಕೂಗಿದಾಗ ಯಾರು, ಎಷ್ಟು ಸಮಯದೊಳಗೆ, ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲದ ಅಲಾರಾಂ ಅನ್ನು ತೆಗೆದುಹಾಕುವುದೇ ಲೇಸು.

ಇದು ದೊಡ್ಡ ಕಾರ್ಖಾನೆಗಳ ಮಾತೆಂದು ತಳ್ಳಿಹಾಕಬೇಡಿ. 1994ರ ಜುಲೈನಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರ ಸ್ಫೋಟಿಸುವ ಮೊದಲಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಾಂಗಳು ಬಂದಿದ್ದವು. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಅನಿಲ ಸೋರಿದಾಗ ಆದದ್ದು ಇದಕ್ಕೆ ವಿರುದ್ಧ: 36 ಕಡೆ ವ್ಯವಸ್ಥೆಯಿದ್ದರೂ ಸೈರನ್ ಮೊಳಗಲಿಲ್ಲ. ಉಷ್ಣಮಾಪಕವಿದ್ದುದು ಟ್ಯಾಂಕಿನ ತಳಭಾಗದಲ್ಲಿ, ಕಾವೇರಿದ್ದು ಮೇಲ್ಭಾಗದಲ್ಲಿ. ನಮ್ಮ ಕುಲುಮೆಗಳಲ್ಲಿ ಥರ್ಮೋಕಪಲ್ ಎಲ್ಲಿದೆ, ಅದಕ್ಕೆ ವಯಸ್ಸೆಷ್ಟಾಯಿತು ಎಂದು ನೋಡಿದವರೆಷ್ಟು ಮಂದಿ?

ಮಿತಿಗಳನ್ನು ತಿದ್ದುವ ಮೊದಲು ಕಂಟ್ರೋಲರ್‌ನ ನಡತೆಯನ್ನು ಪರೀಕ್ಷಿಸುವುದು ಅಗತ್ಯ. ಬಹುತೇಕ ಕಡೆ ಖಾಲಿ ಕುಲುಮೆಯಲ್ಲಿ ಆಟೋ ಟ್ಯೂನ್ ಮಾಡಿ, ಮತ್ತೆ ಅದರ ಗೋಜಿಗೆ ಹೋಗುವುದಿಲ್ಲ. ತುಂಬಿದ ಕುಲುಮೆಯ ವರ್ತನೆಯೇ ಬೇರೆ. ಮಾಮೂಲಿ ಲೋಡಿನೊಂದಿಗೆ ಒಂದು ಪಾಳಿಯ ಉಷ್ಣತೆಯನ್ನು ದಾಖಲಿಸಿ, ನಿಗದಿತ ಮಟ್ಟವನ್ನು ಎಷ್ಟು ಮೀರಿತು, ಸ್ಥಿರಗೊಳ್ಳಲು ಎಷ್ಟು ಹೊತ್ತಾಯಿತು, ತೂಗಾಡುತ್ತಲೇ ಇದೆಯೇ ಎಂಬುದನ್ನು ಗಮನಿಸಬೇಕು. ವಿದ್ಯುತ್ ಹೋಗಿ ಬಂದ ನಂತರದ ಅರ್ಧ ಗಂಟೆಯನ್ನಂತೂ ವಿಶೇಷವಾಗಿ ನೋಡಬೇಕು. (ನಮ್ಮಲ್ಲಿ ಅಂತಹ ಅವಕಾಶಕ್ಕೆ ಬಹಳ ಕಾಯಬೇಕಾಗಿಲ್ಲ.) ತೂಗಾಟ ನಿಂತರೆ ಬೇಡದ ಅಲಾರಾಂಗಳಲ್ಲಿ ಹಲವು ತಾವಾಗಿಯೇ ಮಾಯವಾಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. ಕಾಂಟ್ಯಾಕ್ಟರ್‌ನ ಪಾಯಿಂಟುಗಳು ಬೆಸೆದುಕೊಂಡರೆ ಕಂಟ್ರೋಲರ್ ಎಷ್ಟೇ ಆಜ್ಞಾಪಿಸಿದರೂ ಹೀಟರ್ ಆರದು. ಥರ್ಮೋಕಪಲ್ಲೇ ಸುಳ್ಳು ಹೇಳಿದರೆ ಅದನ್ನೇ ನಂಬಿದ ಅಲಾರಾಂ ಕೂಡ ಮೌನವಾಗಿರುತ್ತದೆ. ಆದುದರಿಂದ ಮೇಲ್ಮಿತಿಯ ರಕ್ಷಣೆಗೆ ಪ್ರತ್ಯೇಕ ಥರ್ಮೋಕಪಲ್, ಪ್ರತ್ಯೇಕ ಕಾಂಟ್ಯಾಕ್ಟರ್ ಇರಲೇಬೇಕು. ಅದರ ವೆಚ್ಚವನ್ನು ಸುಟ್ಟುಹೋಗುವ ಒಂದು ಲೋಡಿನ ಬೆಲೆಯೊಡನೆ ಹೋಲಿಸಿ ನೋಡಿ. ಪಕ್ಕದಲ್ಲಿ ನಿಂತಿರುವ ಕಾರ್ಮಿಕನ ಮಾತು ಹಾಗಿರಲಿ.

ವಾಹನ ಬಿಡಿಭಾಗಗಳ ಖರೀದಿದಾರರು ಇಂದು ಸಿಕ್ಯೂಐ-9 ಪ್ರಕಾರ ಕುಲುಮೆಯ ಉಷ್ಣತಾ ಸಮತೆಯ ದಾಖಲೆ ಕೇಳುತ್ತಾರೆ. ಸಣ್ಣ ಘಟಕಗಳು ಒಂಟಿಯಾಗಿ ಇದನ್ನು ನಿಭಾಯಿಸುವುದು ಕಷ್ಟ. ಒಂದೇ ಬೀದಿಯ ಐದಾರು ಘಟಕಗಳು ಸೇರಿ ಒಂದು ಡೇಟಾ ಲಾಗರ್ ಕೊಂಡು ಸರದಿಯಂತೆ ಬಳಸಬಹುದು. ಸಂಸ್ಥೆಯು ಈ ಕುರಿತು ಒಂದು ದಿನದ ಶಿಬಿರ ಏರ್ಪಡಿಸಲಿ ಎಂದು ಕೋರುತ್ತೇನೆ. ಬರುವ ಸದಸ್ಯರು ತಮ್ಮ ಒಂದು ಕುಲುಮೆಯ ಬಜರ್ ಒಂದು ತಿಂಗಳಲ್ಲಿ ಎಷ್ಟು ಬಾರಿ ಕೂಗಿತು, ಎಷ್ಟು ಬಾರಿ ಯಾರಾದರೂ ಎದ್ದು ಹೋಗಿ ಏನಾದರೂ ಮಾಡಿದರು ಎಂಬ ಲೆಕ್ಕವನ್ನು ಬರೆದು ತರಲಿ.