ಉಗಿದ ಗಮ್ ಮೇಲೊಂದು ಚಿತ್ರ

ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಮುಚ್ಚದಿರಲಿ ಎಂದು ಕೆಲವರು ಕಾಫಿ ಕುಡಿಯುತ್ತಾರೆ, ನಾನು ಚೂಯಿಂಗ್ ಗಮ್ ಅಗಿಯುತ್ತೇನೆ. ಇಂಟರ್ನಲ್ಸ್ ವಾರದಲ್ಲಿ ದಿನಕ್ಕೆ ಆರೇಳು. ಅಗಿದಾದ ಮೇಲೆ ಅದು ಎಲ್ಲಿ ಹೋಗುತ್ತದೆ ಎಂದು ಕೇಳಿದರೆ, ನಿಜ ಹೇಳಬೇಕೆಂದರೆ, ಹೋದ ವರ್ಷದವರೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಬೆಂಚಿನ ಅಡಿ, ಮೆಟ್ಟಿಲ ಮೂಲೆ, ಹಾಸ್ಟೆಲ್ ಕಿಟಕಿಯಾಚೆ. ಬಾಯಿಂದ ಹೊರಗೆ ಬಿದ್ದರೆ ನಮ್ಮ ಲೆಕ್ಕ ಮುಗಿಯಿತು.

ಲೆಕ್ಕ ಮುಗಿದಿಲ್ಲ ಅಂತ ಗೊತ್ತಾಗಿದ್ದು ಒಂದು ಬೆಳಿಗ್ಗೆ. ಲ್ಯಾಬ್ ರೆಕಾರ್ಡ್ ಬರೆದು ಮುಗಿಸಲು ಏಳು ಗಂಟೆಗೇ ಕಾಲೇಜಿಗೆ ಹೋಗಿದ್ದೆ. ನಮ್ಮ ಬ್ಲಾಕ್ ಗುಡಿಸಿ ಒರೆಸುವ ಅಕ್ಕ ಕಾರಿಡಾರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಪೇಂಟರ್‌ಗಳು ಪುಟ್ಟಿ ಎಳೆಯುವ ಬ್ಲೇಡಿನಿಂದ ನೆಲ ಕೆರೆಯುತ್ತಿದ್ದರು. ಕಪ್ಪಗೆ ಚಪ್ಪಟೆಯಾಗಿದ್ದ ಚುಕ್ಕೆಗಳು. 'ಏನಕ್ಕಾ ಇಷ್ಟು ಬೆಳಿಗ್ಗೆನೇ?' ಅಂದೆ. 'ಬಿಸಿಲು ಏರಿದ ಮೇಲೆ ಇದು ಮೆತ್ತಗಾಗಿ ಬ್ಲೇಡಿಗೇ ಅಂಟ್ಕೊಳ್ಳತ್ತೆ ಕಣಪ್ಪಾ. ತಣ್ಣಗಿದ್ದಾಗ ಎಬ್ಬಿದ್ರೆ ಚಕ್ಕೆ ಥರ ಏಳತ್ತೆ' ಅಂದರು. ಪಾಲಿಮರ್ ತಣ್ಣಗಾದಂತೆ ಗಡುಸಾಗಿ ಸಿಡಿಯುವ ಗುಣ ಪಡೆಯುತ್ತದೆ ಎಂದು ನಾವು ಕೆಮಿಸ್ಟ್ರಿಯಲ್ಲಿ ಎರಡು ಪುಟ ಬರೆದು ಹತ್ತು ಅಂಕ ತಗೊಂಡಿದ್ದೆವು. ಅವರು ಅದನ್ನು ಮಂಡಿ ನೋವಿನಲ್ಲಿ ಕಲಿತಿದ್ದರು. ಆಗ ನನ್ನ ಬಾಯಲ್ಲಿ ಒಂದು ಗಮ್ ಇತ್ತು. ನುಂಗಿಬಿಟ್ಟೆ.

ಇದಾದ ಕೆಲವೇ ವಾರಕ್ಕೆ ಸ್ಟ್ರಕ್ಚರ್ಸ್ ಮೇಷ್ಟ್ರು ಕ್ಲಾಸಿನಲ್ಲಿ ಲಂಡನ್ನಿನ ಮಿಲೇನಿಯಂ ಬ್ರಿಡ್ಜ್ ವಿಡಿಯೊ ತೋರಿಸಿದರು. ಸಿವಿಲ್ ಓದುವವರಿಗೆ ಇದು ಹಳೇ ಕಥೆ. ಥೇಮ್ಸ್ ನದಿಯ ಮೇಲೆ ಸೇಂಟ್ ಪಾಲ್ಸ್ ಚರ್ಚ್ ಕಡೆಯಿಂದ ಟೇಟ್ ಮಾಡರ್ನ್ ಕಲಾ ಗ್ಯಾಲರಿಗೆ ಹೋಗುವ ಕಾಲುಸೇತುವೆ. 2000ದ ಜೂನ್ 10ರಂದು ತೆರೆದರು, ಜನ ನುಗ್ಗಿದರು, ಸೇತುವೆ ಅಡ್ಡಡ್ಡ ತೂಗಾಡಿತು. ಸ್ವಲ್ಪ ಅಲುಗಿದ್ದೇ ತಡ, ಬೀಳಬಾರದೆಂದು ಎಲ್ಲರೂ ಅದೇ ತಾಳಕ್ಕೆ ಕಾಲಿಟ್ಟರು. ತಾಳ ಸೇರಿದಷ್ಟೂ ಸೇತುವೆ ಇನ್ನಷ್ಟು ಅಲುಗಿತು. ಎರಡೇ ದಿನಕ್ಕೆ ಮುಚ್ಚಿದರು. ಡ್ಯಾಂಪರ್‌ಗಳನ್ನು ಅಳವಡಿಸಿ ಮತ್ತೆ ತೆರೆದದ್ದು 2002ರಲ್ಲಿ. ಮೇಷ್ಟ್ರಿಗೆ ಬೇಕಾಗಿದ್ದು ಇಷ್ಟೇ. ನಾನು ರಾತ್ರಿ ಹಾಸ್ಟೆಲಿನಲ್ಲಿ ಅದೇ ಸೇತುವೆಯ ಇನ್ನಷ್ಟು ಫೋಟೊ ಹುಡುಕುವಾಗ ಕಂಡದ್ದು ಬೇರೆಯೇ: ಬಣ್ಣ ಮೆತ್ತಿದ ಕಿತ್ತಳೆ ಬಣ್ಣದ ಮೇಲುಡುಪು ಹಾಕಿಕೊಂಡ, ವಯಸ್ಸಾದ ಒಬ್ಬ ಮನುಷ್ಯ ಆ ಸೇತುವೆಯ ಮೇಲೆ ಬೋರಲು ಮಲಗಿದ್ದಾನೆ. ಜನ ಅವನನ್ನು ಬಳಸಿಕೊಂಡು ಹೋಗುತ್ತಿದ್ದಾರೆ. ಅವನ ಮೂಗಿನ ಕೆಳಗೆ, ಅಲ್ಯೂಮಿನಿಯಂ ಹಾಸಿನ ಸೀಳುಗಳ ನಡುವೆ, ಯಾರೋ ಉಗಿದು ಹೋದ ಚೂಯಿಂಗ್ ಗಮ್. ಅದರ ಮೇಲೆ ಒಂದು ಪುಟ್ಟ ಚಿತ್ರ.

ಆತ ಬೆನ್ ವಿಲ್ಸನ್. ಹುಟ್ಟಿದ್ದು 1963ರಲ್ಲಿ. ಮೊದಲು ಮರದ ಕೆತ್ತನೆ ಮಾಡುತ್ತಿದ್ದವರು. 1998ರ ಸುಮಾರಿಗೆ ಗಮ್ ಮೇಲೆ ಪ್ರಯೋಗ ಶುರು ಮಾಡಿ, 2004ರಿಂದ ಅದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡರು. ಲಂಡನ್ನಿನ ಉತ್ತರದ ಬಾರ್ನೆಟ್ ಬೀದಿಯಿಂದ ಹೊರಟು ಈವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಗಮ್‌ಗಳ ಮೇಲೆ ಚಿತ್ರ ಬರೆದಿದ್ದಾರೆ. ಮೊದಲು ಸಣ್ಣ ಬ್ಲೋಟಾರ್ಚ್‌ನಿಂದ ಗಮ್ ಬಿಸಿ ಮಾಡುತ್ತಾರೆ, ಮೇಲೊಂದು ಲ್ಯಾಕರ್ ಕೋಟ್, ಆಮೇಲೆ ಬಣ್ಣ ಕೂರಲು ಎನಾಮೆಲ್ ಕೋಟ್, ಅದರ ಮೇಲೆ ಅಕ್ರಿಲಿಕ್‌ನಲ್ಲಿ ಚಿತ್ರ, ಕೊನೆಗೆ ಮತ್ತೆ ಲ್ಯಾಕರ್. ಮನೆ ಗೋಡೆಗೆ ಪ್ರೈಮರ್ ಹೊಡೆದು ಬಣ್ಣ ಬಳಿಯುವ ಕ್ರಮವೇ, ಆದರೆ ಎರಡು ರೂಪಾಯಿ ನಾಣ್ಯದಗಲ ಜಾಗದಲ್ಲಿ. ಒಂದಕ್ಕೆ ಕೆಲವು ಗಂಟೆ ಹಿಡಿಯುತ್ತದೆ, ಕೆಲವಕ್ಕೆ ದಿನಗಳೇ ಬೇಕು. ದಾರಿಹೋಕರು ನಿಂತು ಕೇಳುತ್ತಾರೆ: ನನ್ನ ನಾಯಿಯ ಚಿತ್ರ ಬರೆಯುತ್ತೀರಾ, ತೀರಿಹೋದ ಅಮ್ಮನ ಹೆಸರು ಬರೆಯುತ್ತೀರಾ, ನನ್ನ ಹುಡುಗಿಗೆ ಮದುವೆ ಪ್ರಸ್ತಾಪ ಇಡಬೇಕು. ಬರೆದುಕೊಡುತ್ತಾರೆ. ಅದನ್ನು ಕಿತ್ತು ಮನೆಗೆ ಒಯ್ಯುವಂತಿಲ್ಲ, ಫ್ರೇಮ್ ಹಾಕಿ ಮಾರುವಂತಿಲ್ಲ. ನೋಡಬೇಕೆಂದರೆ ಅಲ್ಲಿಗೇ ಹೋಗಿ ಬಗ್ಗಬೇಕು.

ನನಗೆ ತುಂಬಾ ಹಿಡಿಸಿದ್ದು ಅವರ ವಾದ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ ಶಂಕೆಯ ಮೇಲೆ 2009ರಲ್ಲಿ ಪೊಲೀಸರು ಅವರನ್ನು ಬಂಧಿಸಿದ್ದರು. ಕೇಸು ನಿಲ್ಲಲಿಲ್ಲ. ವಿಲ್ಸನ್ ಹೇಳುವುದು ಇಷ್ಟು: ನಾನು ಬಣ್ಣ ಹಚ್ಚುವುದು ರಸ್ತೆಗಲ್ಲ, ಗಮ್‌ಗೆ. ಹಾನಿ ಮಾಡಿದವರು ಅದನ್ನು ಉಗಿದು ಹೋಗಿಯಾಗಿದೆ. ಗಮ್ ಯಾರ ಆಸ್ತಿ? ಉಗಿದವನು ಬಂದು ನನ್ನದು ಅನ್ನುತ್ತಾನೆಯೇ? ಲಾ ಓದುವ ಗೆಳೆಯರು ಇದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ನನಗಂತೂ ಕ್ಲಾಸಿನಲ್ಲಿ ಕೇಳಿದ ಎಷ್ಟೋ ಡಿಫೆನ್ಸ್‌ಗಳಿಗಿಂತ ಗಟ್ಟಿ ಅನ್ನಿಸಿತು.

ಗಮ್ ಅಂದರೇನು ಎಂದು ಕೆದಕಿದಾಗ ಸಿಕ್ಕಿದ್ದು ನಮ್ಮ ಹಿತ್ತಿಲ ಮರ. ಹಿಂದೆ ಚೂಯಿಂಗ್ ಗಮ್ ಮಾಡುತ್ತಿದ್ದದ್ದು ಚಿಕಲ್ ಎಂಬ ಅಂಟಿನಿಂದ. ಅದು ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡಿನ ಸಪೋಟ ಮರದ ಹಾಲು. ಹೌದು, ನಮ್ಮ ಚಿಕ್ಕುವೇ. ಕಾಯಿ ಚಿಕ್ಕು ಕಚ್ಚಿ ತುಟಿಗೆ ತುಟಿ ಅಂಟಿಸಿಕೊಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಜ್ಜಿ ಅದಕ್ಕೇ 'ಅಕ್ಕಿ ಡಬ್ಬದಲ್ಲಿಟ್ಟು ಹಣ್ಣು ಮಾಡ್ಕೊಂಡು ತಿನ್ನೋ' ಅಂತ ಬೈಯುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಆ ಜಾಗಕ್ಕೆ ಕೃತಕ ಪಾಲಿಮರ್‌ಗಳು ಬಂದವು. ಬಡಗಿಗಳ ಬಿಳಿ ಅಂಟಿನಲ್ಲಿರುವ ಪಾಲಿವಿನೈಲ್ ಅಸಿಟೇಟ್, ಟೈರಿನ ಟ್ಯೂಬಿಗೆ ಬಳಸುವ ಬ್ಯುಟೈಲ್ ರಬ್ಬರಿನ ಹತ್ತಿರದ ಸಂಬಂಧಿ ಪಾಲಿಐಸೊಬ್ಯುಟಿಲೀನ್. ಸಿಹಿ ಹತ್ತು ನಿಮಿಷಕ್ಕೆ ಹೋಗುತ್ತದೆ, ಪಾಲಿಮರ್ ವರ್ಷಗಟ್ಟಲೆ ಉಳಿಯುತ್ತದೆ. ಮಣ್ಣಾಗುವುದಿಲ್ಲ, ಮಳೆಗೆ ಕರಗುವುದಿಲ್ಲ. ಈ ತಲೆನೋವಿಗಾಗಿಯೇ ಸಿಂಗಪುರ 1992ರಲ್ಲಿ ಗಮ್ ಆಮದನ್ನೇ ನಿಷೇಧಿಸಿತು.

ಗಮ್ ಕಲೆ ವಿಲ್ಸನ್ ಒಬ್ಬರದೇ ಅಲ್ಲ. ನಾಜಿ ಶಿಬಿರಗಳಿಂದ ಬದುಕಿ ಬಂದ ಪೋಲೆಂಡಿನ ಶಿಲ್ಪಿ ಅಲಿನಾ ಶಪೊಚ್ನಿಕೊವ್ 1971ರಲ್ಲಿ ತಾವು ಅಗಿದ ಗಮ್‌ಗಳನ್ನು ಕಟ್ಟೆಯಂಚಿನಲ್ಲಿಟ್ಟು, ಶಿಲ್ಪಗಳೆಂದೇ ಕಪ್ಪುಬಿಳುಪಿನಲ್ಲಿ ಫೋಟೊ ತೆಗೆಸಿದರು. ಫೋಟೊದಲ್ಲಿ ಅವು ಗಮ್ ಥರ ಕಾಣುವುದಿಲ್ಲ, ನೇತುಬಿದ್ದ ಮೈಗಳ ಥರ ಕಾಣುತ್ತವೆ. ಎರಡು ವರ್ಷಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮೆರಿಕದ ಹನಾ ವಿಲ್ಕೆ 1970ರ ದಶಕದಲ್ಲಿ ಪ್ರೇಕ್ಷಕರಿಗೇ ಗಮ್ ಕೊಟ್ಟು ಅಗಿಯಲು ಹೇಳಿ, ವಾಪಸ್ ಪಡೆದು, ಮಡಿಚಿ ಪುಟ್ಟ ಆಕಾರ ಮಾಡಿ ತಮ್ಮ ಮೈಮೇಲೆ ಗಾಯದ ಗುರುತಿನಂತೆ ಅಂಟಿಸಿಕೊಂಡರು. ಹೆಣ್ಣನ್ನು ಸಮಾಜ ನಡೆಸಿಕೊಳ್ಳುವ ರೀತಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು ಎಂಬುದು ಅವರ ಮಾತಿನ ಸಾರ: ಬೇಕಾದ್ದು ಹೀರಿಕೊಂಡು ಉಗಿದು, ಹೊಸದನ್ನು ಬಾಯಿಗೆ ಹಾಕಿಕೊಳ್ಳುವುದು. (ಕಳೆದ ವರ್ಷ ಕೆಲಸ ಸಿಕ್ಕಿ, ಎಂಟೇ ತಿಂಗಳಿಗೆ ಮನೆಗೆ ಬಂದ ನಮ್ಮ ಸೀನಿಯರ್‌ಗೆ ಇದನ್ನು ಹೇಳಿದೆ. ಬಹಳ ಹೊತ್ತು ನಕ್ಕರು.)

ಇವರ ಸಾಲಿಗೆ ಸಿಯಾಟಲ್ ನಗರದ ಗಮ್ ಗೋಡೆಯನ್ನೂ ಸೇರಿಸುವವರಿದ್ದಾರೆ. ನಾನು ಸೇರಿಸಲಾರೆ. ಅಲ್ಲಿ ಒಂದು ಥಿಯೇಟರಿನ ಹೊರಗೆ ಸಾಲಿನಲ್ಲಿ ನಿಂತವರು 90ರ ದಶಕದಿಂದ ಗೋಡೆಗೆ ಗಮ್ ಮೆತ್ತುತ್ತಾ ಬಂದರು. ಅದು ಪ್ರವಾಸಿ ತಾಣವೇ ಆಯಿತು. 2015ರ ನವೆಂಬರಿನಲ್ಲಿ ಬಿಸಿ ಹಬೆ ಹಾಯಿಸಿ ತೊಳೆದಾಗ ಸಾವಿರ ಕಿಲೊಗೂ ಹೆಚ್ಚು ಗಮ್ ಬಂತು. ತೊಳೆದ ಬೆನ್ನಿಗೇ ಜನ ಮತ್ತೆ ಮೆತ್ತಲು ಶುರು. ಫೋಟೊದಲ್ಲಿ ಅದು ಚಂದವೇ, ಬಣ್ಣಬಣ್ಣದ ಜಾತ್ರೆ. ಆದರೆ ಅಲ್ಲಿ ಗಮ್ ಮೆತ್ತುವವರು ಹೊಸ ಕಸ ತರುತ್ತಾರೆ, ವಿಲ್ಸನ್ ಇದ್ದ ಕಸದ ಮುಂದೆ ಮಲಗುತ್ತಾರೆ. ನಮ್ಮಲ್ಲಿ 'ಕಸದಿಂದ ರಸ' ಅನ್ನುವ ಮಾತು ಕಾಲೇಜು ಫೆಸ್ಟ್‌ಗಳಲ್ಲಿ ಎಷ್ಟು ಸವೆದಿದೆಯೆಂದರೆ, ಸ್ಪರ್ಧೆಗೆಂದು ಹೊಸ ಬಾಟಲಿ ಕೊಂಡು, ನೀರು ಚೆಲ್ಲಿ, ಅದಕ್ಕೆ ಬಣ್ಣ ಬಳಿದು ಬಹುಮಾನ ಹೊಡೆದವರನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ಬಹುಮಾನ ನನಗೇ ಬಂದಿತ್ತು.

ವಿಲ್ಸನ್‌ಗೆ ನಿಜವಾದ ನೆಂಟರು ಬೇಕೆಂದರೆ ನಮ್ಮಲ್ಲೇ ಇದ್ದಾರೆ. ಮೈಸೂರಿನವರಾದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿಗೆ ಮೊಸಳೆ ಬಿಟ್ಟದ್ದು, 2019ರಲ್ಲಿ ಹೊಂಡಗಳ ರಸ್ತೆಯನ್ನು ಚಂದ್ರನ ನೆಲವಾಗಿಸಿ ಗಗನಯಾತ್ರಿಯನ್ನು ನಡೆಸಿದ್ದು ನಿಮಗೆ ನೆನಪಿರಬೇಕು. ಗುಂಡಿ ಅವರು ತೋಡಿದ್ದಲ್ಲ. ದಿನವೂ ಕಂಡು ಕಾಣದಂತೆ ದಾಟುತ್ತಿದ್ದ ಗುಂಡಿಯನ್ನು ಕಾಣಿಸಿದರು ಅಷ್ಟೇ, ಮುಚ್ಚಲು ಜನ ಬಂದರು. ಇಬ್ಬರಿಗೂ ಒಂದು ವ್ಯತ್ಯಾಸವಿದೆ. ನಂಜುಂಡಸ್ವಾಮಿಯವರ ಚಿತ್ರ ಗುಂಡಿ ಮುಚ್ಚಿದಾಗ ಗೆಲ್ಲುತ್ತದೆ. ವಿಲ್ಸನ್ ಚಿತ್ರ ಗಮ್ ಅಲ್ಲೇ ಉಳಿದರೆ ಮಾತ್ರ ಉಳಿಯುತ್ತದೆ. ಇಲ್ಲಿಯೇ ನನ್ನ ತಲೆ ಕೆಟ್ಟಿದ್ದು.

ಯಾಕೆಂದರೆ ಇಷ್ಟೆಲ್ಲ ಓದಿದ ಮೇಲೆ ಕೈ ಸುಮ್ಮನಿರಲಿಲ್ಲ. ಪಿಯುಸಿಗೆ ಬಂದಾಗ 'ಡ್ರಾಯಿಂಗ್ ಎಲ್ಲ ಸಾಕು, ಸಿಇಟಿ ಆದ್ಮೇಲೆ ನೋಡೋಣ' ಎಂದು ಅಪ್ಪ ಬಣ್ಣದ ಡಬ್ಬ ಅಟ್ಟಕ್ಕೆ ಹಾಕಿದ್ದರು. ದಸರಾ ರಜೆಯಲ್ಲಿ ಇಳಿಸಿಕೊಂಡು ಬಂದೆ. ಕಾಲೇಜಿನ ಎರಡನೇ ಮಹಡಿಯ ಕಾರಿಡಾರಿನ ಕೊನೆಯಲ್ಲಿ, ಯಾರೂ ಹೆಚ್ಚು ಓಡಾಡದ ಕಡೆ, ಒಂದು ಗಮ್ ಆರಿಸಿಕೊಂಡೆ. ಸಿಗರೇಟು ಸೇದುವ ಗೆಳೆಯನ ಲೈಟರ್, ಲ್ಯಾಕರ್ ಬದಲು ಕ್ಲಾಸ್‌ಮೇಟ್ ಕೊಟ್ಟ ಬಣ್ಣವಿಲ್ಲದ ನೇಲ್ ಪಾಲಿಶ್. ಮೊದಲನೆಯದು ಸುಟ್ಟು ಹೊಗೆಯಾಯಿತು. ಎರಡನೆಯದರಲ್ಲಿ ಬಣ್ಣ ಹಾಲಿನ ಕೆನೆಯಂತೆ ಎದ್ದು ಬಂತು. ಮೂರನೆಯದು ನಿಂತಿತು. ಒಂದು ಚಿಕ್ಕು ಬರೆದೆ, ಅರ್ಧ ಕೊಯ್ದದ್ದು, ಒಳಗೆ ಎರಡು ಕಪ್ಪು ಬೀಜ. ಮೂರೂವರೆ ಗಂಟೆ ಹಿಡಿಯಿತು. ನೆಲಕ್ಕೆ ಮುಖ ಹಚ್ಚಿ ಅಷ್ಟು ಹೊತ್ತು ಮಲಗಿದರೆ ಏನೇನು ಕಾಣುತ್ತದೆ ಅನ್ನುವುದು ಬೇರೆಯೇ ಕಥೆ. ಆ ಕಾರಿಡಾರಿನಲ್ಲಿ ಮೂರು ವರ್ಷ ಓಡಾಡಿದ್ದೆ, ಅದರ ಗ್ರಾನೈಟಿನಲ್ಲಿ ಕೆಂಪು ಎಳೆಗಳಿವೆ ಅಂತ ಅವತ್ತೇ ನೋಡಿದ್ದು.

ಎರಡು ದಿನ ಹುಡುಗರು ಬಗ್ಗಿ ಫೋಟೊ ತೆಗೆದರು. ಸ್ಟೇಟಸ್ ಹಾಕಿದರು. ನಾನು ಒಳಗೊಳಗೇ ಉಬ್ಬಿದೆ. ಮೂರನೇ ದಿನ ಅಕ್ಕ ಸಿಕ್ಕರು. 'ಆ ಹಣ್ಣು ನೀನು ಬರ್ದಿದ್ದಂತೆ?' ಅಂದರು. ಹೌದು ಅಂದೆ. 'ಚೆನ್ನಾಗಿತ್ತಪ್ಪಾ. ಕೆರೆಯೋಕೆ ಮನಸ್ಸು ಬರ್ಲಿಲ್ಲ. ಸೂಪರ್‌ವೈಸರ್ ನೋಡಿ, ಅದೊಂದು ಯಾಕೆ ಬಿಟ್ಟಿದ್ದೀಯ ಅಂತ ಎಲ್ಲರ ಮುಂದೆ ಬೈದ್ರು. ಅರ್ಧ ದಿನದ ಸಂಬಳ ಹಿಡೀತೀನಿ ಅಂದ್ರು.'

ಬೆನ್ ವಿಲ್ಸನ್ ಮಾಡಿದ ವಾದ ನನ್ನ ಬಾಯಿಗೆ ಬರಲಿಲ್ಲ. ನೆಲಕ್ಕಲ್ಲ, ಗಮ್‌ಗೆ ಬಣ್ಣ ಹಚ್ಚಿದ್ದು ಎಂದು ಆ ಸೂಪರ್‌ವೈಸರ್‌ಗೆ ಹೇಳಬಹುದಿತ್ತು. ಆದರೆ ಗಮ್ ಯಾರದು ಎಂಬ ಪ್ರಶ್ನೆಗೆ ನಮ್ಮ ಕಾರಿಡಾರಿನಲ್ಲಿ ಉತ್ತರ ಇದೆ. ಉಗಿದ ಕ್ಷಣದಿಂದ ಅದು ಅಕ್ಕನದು. ಕೆರೆಯುವ ಹೊಣೆ, ಬೈಗುಳ, ಸಂಬಳ ಕಡಿತ, ಎಲ್ಲ ಅವರ ಹೆಸರಿನಲ್ಲಿ. ವಿಲ್ಸನ್ ತಮ್ಮ ಚಿತ್ರಕ್ಕೆ ತಾವೇ ಪೊಲೀಸರ ಮುಂದೆ ನಿಂತರು. ನನ್ನ ಚಿತ್ರಕ್ಕೆ ಅಕ್ಕ ನಿಂತರು. ಹಾಗಾಗಿ, ಗೆಳೆಯರೇ, ನಿಮ್ಮ ಕಾಲೇಜಿನಲ್ಲೂ ಇಂಥದ್ದು ಮಾಡಿ ಎಂದು ನಾನು ಹೇಳಲಾರೆ. ಮಾಡುವುದಾದರೆ ಮೊದಲು ಅನುಮತಿ ಕೇಳಬೇಕಾದ್ದು ಪ್ರಿನ್ಸಿಪಾಲರನ್ನಲ್ಲ ಎಂದಷ್ಟೇ ಹೇಳಬಲ್ಲೆ. ಹಾಗಂತ ವಿಲ್ಸನ್ ಮೇಲಿನ ಮೆಚ್ಚುಗೆ ಕಡಿಮೆಯಾಗಿಲ್ಲ. ಸೇತುವೆ ಕಟ್ಟಿದವರು ಮೇಲಿಂದ ಹೋಗುವ ಹೆಜ್ಜೆ ಲೆಕ್ಕ ಹಾಕಿದರು, ಆತ ಹೆಜ್ಜೆಗೆ ಸಿಕ್ಕಿದ್ದನ್ನು ಲೆಕ್ಕಕ್ಕೆ ತಂದರು. ಎರಡನೆಯದನ್ನು ನಮ್ಮ ಸಿಲಬಸ್ ಕಲಿಸುವುದಿಲ್ಲ.

ಸೂಪರ್‌ವೈಸರ್ ಬಳಿ ಹೋಗಿ ಬರೆದದ್ದು ನಾನು, ಕೆರೆಯಬೇಡಿ ಎಂದು ಹೇಳಿದ್ದೂ ನಾನೇ ಅಂದೆ. ಎರಡನೆಯದು ಸುಳ್ಳು. ಆತ ನನ್ನ ಯುಎಸ್‌ಎನ್ ಬರೆದುಕೊಂಡರು, ಸಂಬಳ ಹಿಡಿಯಲಿಲ್ಲ. ಮಾರನೇ ದಿನ ಏಳು ಗಂಟೆಗೆ ನಾನೂ ಹೋದೆ. ಅಕ್ಕ ಬ್ಲೇಡ್ ನನ್ನ ಕೈಗೇ ಕೊಟ್ಟರು. 'ಅಡ್ಡ ಹಿಡಿ, ನೆಟ್ಟಗೆ ಒತ್ತಬೇಡ, ಕಲ್ಲಿಗೆ ಗೀರು ಬೀಳತ್ತೆ' ಅಂದರು. ಚಳಿ ಇತ್ತು. ಎರಡೇ ಏಟಿಗೆ ಚಿಕ್ಕು ಒಡೆಯದೆ ಇಡಿಯಾಗಿ ಎದ್ದು ಬಂತು. ಅಕ್ಕ ಅದನ್ನು ಕಸದ ಚೀಲಕ್ಕೆ ಹಾಕಲು ಬಿಡಲಿಲ್ಲ, ಸೆರಗಿನ ತುದಿಯಲ್ಲಿ ಒರೆಸಿ ಬ್ಲೌಸಿನಲ್ಲಿದ್ದ ಪುಟ್ಟ ಪರ್ಸಿಗೆ ಹಾಕಿಕೊಂಡರು. 'ಮೊಮ್ಮಗಳಿಗೆ ತೋರಿಸ್ತೀನಿ' ಅಂದರು. ನೆಲದಲ್ಲಿ ಅದು ಇದ್ದ ಜಾಗ ಮಾತ್ರ ಸುತ್ತಲಿನ ಕಲ್ಲಿಗಿಂತ ಬೆಳ್ಳಗೆ ಕಾಣುತ್ತಿತ್ತು. ಆಮೇಲೆ ನಾವಿಬ್ಬರೂ ಮೆಟ್ಟಿಲ ಕಡೆಗೆ ಹೋದೆವು. ಅಲ್ಲಿ ಇನ್ನೂ ಬಹಳ ಇದ್ದವು.